ಪಿಯುಸಿ ಜೊತೆಗೆ ನೀಟ್: ಗೋಡೆ ಮೇಲಿನ ಟೈಮ್‌ಟೇಬಲ್ ಕಿತ್ತಾಕಿ, 79 ಸಾಲಿನ ಹಾಳೆ ಮಾಡ್ಕೊಳ್ಳಿ

ಫಸ್ಟ್ ಪಿಯುಗೆ ಸೇರಿದ ವಾರಾನೇ ನಾನು ಮಾಡಿದ ಮೊದಲ ಕೆಲಸ ಅಂದ್ರೆ ಒಂದು ದೊಡ್ಡ ಚಾರ್ಟ್ ಶೀಟ್ ತಂದು ಮೂರು ಕಲರ್ ಸ್ಕೆಚ್ ಪೆನ್ನಲ್ಲಿ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದು, ಬೆಳಗ್ಗೆ ನಾಲ್ಕಕ್ಕೆ ಏಳೋದು, ನಾಲ್ಕೂಕಾಲಿಂದ ಆರರ ತನಕ ಫಿಸಿಕ್ಸ್, ಹಿಂಗೇ ರಾತ್ರಿ ಹನ್ನೊಂದರ ತನಕ. ಮೂರು ದಿನ ನಡೀತು. ನಾಲ್ಕನೇ ದಿನ ಎದ್ದಿದ್ದು ಆರೂವರೆಗೆ, ಅಲ್ಲಿಗೆ ಫಿಸಿಕ್ಸ್ ಹೋಯ್ತು, ಹೋಯ್ತಲ್ಲ ಅನ್ನೋ ಬೇಜಾರಲ್ಲಿ ಕೆಮಿಸ್ಟ್ರೀನೂ ಹೋಯ್ತು. ಚಾರ್ಟ್ ಮಾತ್ರ ಎರಡು ವರ್ಷ ಗೋಡೆ ಮೇಲೇ ಇತ್ತು, ಮನೆಗೆ ಬಂದ ನೆಂಟರೆಲ್ಲ ನೋಡಿ "ಪರವಾಗಿಲ್ವೇ, ಚೆನ್ನಾಗಿ ಓದ್ತಿದಾನೆ" ಅಂತ ಹೇಳಿ ಕಾಫಿ ಕುಡಿದು ಹೋಗೋರು. ನೀಟ್ ಅಂದ್ರೆ ಮೆಡಿಕಲ್ ಸೀಟಿಗೆ ಬರೆಯೋ ಎಂಟ್ರೆನ್ಸ್, ಅದರಲ್ಲಿ ಮೊದಲನೇ ಸಲ ಸೀಟ್ ಬರಲಿಲ್ಲ. ಒಂದು ವರ್ಷ ಡ್ರಾಪ್ ತಗೊಂಡೆ, ಎರಡನೇ ಸಲ ಬಂತು. ಆ ಡ್ರಾಪ್ ವರ್ಷ ನಾನೇನು ಜಾಸ್ತಿ ಗಂಟೆ ಓದಲಿಲ್ಲ, ನಿಜ ಹೇಳ್ಬೇಕು ಅಂದ್ರೆ ಸ್ವಲ್ಪ ಕಮ್ಮೀನೇ ಓದಿದೀನಿ. ಬದಲಾಗಿದ್ದು ಒಂದೇ: ಹೊಸದನ್ನ ಯಾವಾಗ ಓದ್ಬೇಕು ಅಂತ ಪ್ಲಾನ್ ಮಾಡೋದು ಬಿಟ್ಟು, ಓದಿದ್ದಕ್ಕೆ ಯಾವಾಗ ವಾಪಸ್ ಬರ್ಬೇಕು ಅಂತ ಪ್ಲಾನ್ ಮಾಡಿದೆ.

ಅದು ಹೇಗೆ ಅಂತಾನೇ ಇಲ್ಲಿ ಬರೀತಿರೋದು. ಈಗ ಪಿಸಿಎಂಬಿಗೆ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಸೇರಿರೋ ತಮ್ಮ ತಂಗೀರಿಗೆ ಇದು ಜಾಸ್ತಿ ಉಪಯೋಗ ಆಗತ್ತೆ, ಸೆಕೆಂಡ್ ಪಿಯು ಅರ್ಧಕ್ಕೆ ಬಂದಿರೋರೂ ಕೊನೇ ತನಕ ಓದಿ.

ಮೊದಲು ಪೇಪರ್ ಹೆಂಗಿದೆ ನೋಡಿ

180 ಪ್ರಶ್ನೆ, 720 ಮಾರ್ಕ್ಸ್, 180 ನಿಮಿಷ. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಸರಿ ಇದ್ರೆ 4 ಸಿಗತ್ತೆ, ತಪ್ಪಾದ್ರೆ 1 ಹೋಗತ್ತೆ, ಬಿಟ್ರೆ ಸೊನ್ನೆ. ನಾನು ಬರೆದಾಗ 200 ನಿಮಿಷ ಇತ್ತು, ಸೆಕ್ಷನ್ ಬಿ ಅಂತ 15 ಪ್ರಶ್ನೇಲಿ 10 ಆರಿಸ್ಕೊಳ್ಳೋ ಚಾನ್ಸೂ ಇತ್ತು, 2025ರಲ್ಲಿ ಎರಡೂ ತೆಗೆದ್ರು. ಅಣ್ಣ ಅಕ್ಕಂದಿರು ಹೇಳಿದ್ದನ್ನ, ನಾನು ಹೇಳ್ತಿರೋದನ್ನೂ ಸೇರಿಸಿ, ಕಣ್ಣು ಮುಚ್ಕೊಂಡು ನಂಬಬೇಡಿ, ನೀವು ಬರೆಯೋ ವರ್ಷದ ಎನ್‌ಟಿಎ (ನೀಟ್ ನಡೆಸೋ ಸಂಸ್ಥೆ) ಬುಲೆಟಿನ್ ಬಂದ ದಿನ ಕೂತು ಪೂರ್ತಿ ಓದಿ.

ಇದರಲ್ಲಿ ಪ್ಲಾನಿಂಗ್‌ಗೆ ಬೇಕಾಗಿರೋದು ಎರಡು ವಿಷಯ. ಒಂದು, ಅರ್ಧ ಪೇಪರ್ ಬಯಾಲಜಿ, 360 ಮಾರ್ಕ್ಸ್, ಇಬ್ಬರ ಸ್ಕೋರ್ ಟೈ ಆದ್ರೂ ಮೊದಲು ನೋಡೋದು ಬಯಾಲಜಿ ಮಾರ್ಕ್ಸನ್ನೇ. ಇನ್ನೊಂದು, ಪ್ರಶ್ನೆಗಳಲ್ಲಿ ಹೆಚ್ಚುಕಮ್ಮಿ ಅರ್ಧ ಫಸ್ಟ್ ಪಿಯು ಪಾಠದಿಂದ ಬರತ್ತೆ. ಎಲ್ರಿಗೂ ಗೊತ್ತಿರೋ ವಿಷಯಾನೇ ಇದು, ಆದ್ರೂ ಎಲ್ರೂ ಫಸ್ಟ್ ಪಿಯುನ ಕಡೆಗಣಿಸ್ತಾರೆ, ಯಾಕಂದ್ರೆ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಖುಷೀಲಿ ಇರ್ತೀವಿ, ಬೋರ್ಡ್ ಎಕ್ಸಾಮ್ ಇರೋದು ಸೆಕೆಂಡ್ ಪಿಯುಗೆ ಅಲ್ವಾ, ಈ ವರ್ಷ ಪಾಸಾದ್ರೆ ಸಾಕು ಅಂದ್ಕೋತೀವಿ. ಸೆಕೆಂಡ್ ಪಿಯು ಡಿಸೆಂಬರಲ್ಲಿ ಪ್ಲಾಂಟ್ ಕಿಂಗ್ಡಮ್ ತೆಗೆದು ನೋಡಿದಾಗ ನನಗೆ ಬ್ರಯೋಫೈಟ್ ಯಾವುದು ಟೆರಿಡೋಫೈಟ್ ಯಾವುದು ಅಂತಾನೇ ನೆನಪಿರಲಿಲ್ಲ, ಪುಸ್ತಕದ ತುಂಬ ನಾನೇ ಹಳದಿ ಹೈಲೈಟರ್ ಬಳಿದಿದ್ದೆ ಬೇರೆ.

79 ಸಾಲಿನ ಹಾಳೆ

ಈಗಿನ ಎನ್‌ಸಿಇಆರ್‌ಟಿ (ಸೆಂಟ್ರಲ್ ಸಿಲೆಬಸ್) ಪುಸ್ತಕಗಳನ್ನ ಎದುರಿಗೆ ಇಟ್ಕೊಂಡು ಎಣಿಸಿ. ಬಯಾಲಜಿ ಫಸ್ಟ್ ಪಿಯು 19 ಪಾಠ, ಸೆಕೆಂಡ್ ಪಿಯು 13. ಫಿಸಿಕ್ಸ್ 14 ಮತ್ತೆ 14. ಕೆಮಿಸ್ಟ್ರಿ 9 ಮತ್ತೆ 10. ಒಟ್ಟು 79. ಫಸ್ಟ್ ಪಿಯು ಜೂನ್‌ನಿಂದ ಸೆಕೆಂಡ್ ಪಿಯು ಡಿಸೆಂಬರ್ ತನಕ ಲೆಕ್ಕ ಹಾಕಿದ್ರೆ ಸುಮಾರು 80 ವಾರ. ಅಂದ್ರೆ ವಾರಕ್ಕೊಂದು ಪಾಠ! ಅಷ್ಟೇನಾ ಅನ್ಸತ್ತಲ್ವಾ? ನನಗೂ ಅನ್ಸಿತ್ತು. ಮೋಸ ಎಲ್ಲಿ ಅಂದ್ರೆ ಓದಿದ ಪಾಠ ಹೋಗಿ ಬ್ಯಾಂಕ್ ಲಾಕರಲ್ಲಿ ಕೂರಲ್ಲ, ಸೋರ್ತಾ ಇರತ್ತೆ. ಎಂಬತ್ತನೇ ವಾರಕ್ಕೆ ಬರೋ ಹೊತ್ತಿಗೆ ಮೊದಲ ನಲವತ್ತು ಖಾಲಿ ಆಗಿರತ್ತೆ.

ಅದಕ್ಕೆ ಏನ್ ಮಾಡಿ ಅಂದ್ರೆ, ಒಂದು ಲಾಂಗ್ ನೋಟ್‌ಬುಕ್ಕಿನ ಮಧ್ಯದ ಎರಡು ಹಾಳೇಲಿ 79 ಪಾಠದ ಹೆಸರು ಒಂದರ ಕೆಳಗೆ ಒಂದು ಬರೀರಿ. ಪಕ್ಕದಲ್ಲಿ ಐದು ಕಾಲಂ ಎಳೀರಿ: ಮೊದಲ ಸಲ ಮುಗಿಸಿದ ತಾರೀಖು, ಒಂದು ವಾರದ ನಂತರದ ತಾರೀಖು, ಒಂದು ತಿಂಗಳ ನಂತರದ್ದು, ಮೂರು ತಿಂಗಳ ನಂತರದ್ದು, ಕೊನೇದರಲ್ಲಿ ಆ ಪಾಠದ ಎಂಸಿಕ್ಯೂ (ನಾಲ್ಕರಲ್ಲಿ ಒಂದು ಉತ್ತರ ಆರಿಸೋ ಪ್ರಶ್ನೆ) ಮಾಡಿದಾಗ ಐವತ್ತಕ್ಕೆ ಎಷ್ಟು ತಪ್ಪು ಅಂತ. ಪಾಠ ಮುಗಿಸಿದ ದಿನಾನೇ ಮುಂದಿನ ಮೂರು ತಾರೀಖನ್ನೂ ಪೆನ್ಸಿಲಲ್ಲಿ ಬರೆದುಬಿಡಿ, ವಾಪಸ್ ಹೋಗಿ ನೋಡಿ ಬಂದ ಮೇಲೆ ಪೆನ್ನಲ್ಲಿ ತಿದ್ದಿ. ಅಷ್ಟೇ, ಆ್ಯಪ್ ಗೀಪ್ ಏನೂ ಬೇಡ, ಆ್ಯಪ್ ಅಂತ ಫೋನ್ ಕೈಗೆ ತಗೊಂಡ್ರೆ ಎಲ್ಲಿ ಹೋಗಿ ತೇಲ್ತೀವಿ ಅಂತ ನಿಮಗೂ ಗೊತ್ತು ನನಗೂ ಗೊತ್ತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಎನ್‌ಸಿಇಆರ್‌ಟಿ ಪುಸ್ತಕ ಸಣ್ಣ ಆದಾಗ ಪಿ ಬ್ಲಾಕ್ ಎಲಿಮೆಂಟ್ಸ್ ಪಾಠ ತೆಗೆದ್ರು, ಆದ್ರೆ ಎನ್‌ಎಂಸಿ (ಮೆಡಿಕಲ್ ಶಿಕ್ಷಣ ನೋಡ್ಕೊಳ್ಳೋ ಆಯೋಗ) ಕೊಟ್ಟ ನೀಟ್ ಸಿಲೆಬಸ್ಸಲ್ಲಿ ಪಿ ಬ್ಲಾಕ್ ಇದೆ! ಪ್ರಾಕ್ಟಿಕಲ್ ಕೆಮಿಸ್ಟ್ರಿನೂ ಇದೆ, ಸಾಲ್ಟ್ ಅನಾಲಿಸಿಸ್, ಟೈಟ್ರೇಶನ್ ತರದ್ದು. ಅದಕ್ಕೆ ಸಿಲೆಬಸ್ ಪ್ರಿಂಟ್ ತೆಗೆದು ಪುಸ್ತಕದ ಜೊತೆ ಟ್ಯಾಲಿ ಮಾಡಿ, ಪುಸ್ತಕದಲ್ಲಿ ಇಲ್ಲದೆ ಸಿಲೆಬಸ್ಸಲ್ಲಿ ಇರೋದನ್ನ 79ರ ಕೆಳಗೆ ಬೇರೆ ಸಾಲಾಗಿ ಸೇರಿಸ್ಕೊಳ್ಳಿ. ಸೀನಿಯರ್ಸ್ ಹತ್ರ ಹಳೇ ಪುಸ್ತಕ ಇದ್ರೆ ಕೇಳಿ ಇಸ್ಕೊಳ್ಳಿ, ರದ್ದಿಗೆ ಹಾಕೋಕೆ ಮುಂಚೆ.

ಕಾಲೇಜ್ ಇರೋ ದಿನ

ಕಾಲೇಜಲ್ಲಿ ಇವತ್ತು ಏನು ಮಾಡಿದ್ರೋ ಅದನ್ನೇ ಇವತ್ತು ಓದಿ. ಕಾಲೇಜ್ ಒಂದು ಕಡೆ, ಕೋಚಿಂಗ್ ಇನ್ನೊಂದು ಕಡೆ, ಮನೇಲಿ ನನ್ನದೇ ಪ್ಲಾನ್ ಮತ್ತೊಂದು ಕಡೆ ಅಂತ ಮೂರು ದೋಣೀಲಿ ಕಾಲಿಟ್ರೆ ಯಾವುದೂ ದಡ ಸೇರಲ್ಲ. ಲೆಕ್ಚರರ್ ಥರ್ಮೋಡೈನಾಮಿಕ್ಸ್ ಮಾಡ್ತಿರುವಾಗ ನೀವು ಮನೇಲಿ ಆರ್ಗ್ಯಾನಿಕ್ ಓದ್ತಿದ್ರೆ ಕ್ಲಾಸಿನ ಗಂಟೆ ಪೂರ್ತಿ ವೇಸ್ಟು. ಪಾಠ ಮಾಡೋದು ನಿಧಾನ ಅನ್ಸಿದ್ರೂ ಪರವಾಗಿಲ್ಲ, ಅವರ ಜೊತೇಲೇ ನಡೀರಿ, ಆ ನಿಧಾನದಲ್ಲಿ ಎಂಸಿಕ್ಯೂ ಜಾಸ್ತಿ ಮಾಡ್ಬಹುದು.

ಕಾಲೇಜ್, ಬಸ್ಸು, ರೆಕಾರ್ಡ್ ಬರೆಯೋದು ಎಲ್ಲ ಕಳೆದು ವಾರದ ದಿನ ನಿಜವಾಗ್ಲೂ ಕೈಯಲ್ಲಿ ಉಳಿಯೋದು ಮೂರೂವರೆ ನಾಲ್ಕು ಗಂಟೆ. ಹತ್ತು ಗಂಟೆ ಅಂತ ಯಾರಾದ್ರೂ ಹೇಳಿದ್ರೆ ಅವರು ಪುಸ್ತಕ ತೆಗೆದಿಟ್ಟ ಗಂಟೆ ಲೆಕ್ಕ ಹಾಕ್ತಿದಾರೆ ಅಂತ ಅರ್ಥ. ಆ ನಾಲ್ಕು ಗಂಟೇನ ನಾನು ಈಗ ಆಗಿದ್ರೆ ಹೆಂಗೆ ಮಾಡ್ತಿದ್ದೆ ಅಂದ್ರೆ, ಕೂತ ತಕ್ಷಣ ಮೊದಲ 40 ನಿಮಿಷ ಹಳೇದು, ಹಾಳೇಲಿ ಇವತ್ತಿನ ತಾರೀಖು ಯಾವ ಸಾಲಲ್ಲಿದೆಯೋ ಆ ಪಾಠ. ಇದನ್ನ ಕೊನೆಗೆ ಇಟ್ಟರೆ ಯಾವತ್ತೂ ಆಗಲ್ಲ, ರಾತ್ರಿ ಹತ್ತೂವರೆಗೆ ಯಾರಿಗೂ ರಿವಿಷನ್ ಮಾಡೋ ಮನಸ್ಸು ಬರಲ್ಲ. ಆಮೇಲೆ ಒಂದೂವರೆ ಗಂಟೆ ಫಿಸಿಕ್ಸ್ ಪ್ರಾಬ್ಲಮ್ಸ್, ತಲೆ ಇನ್ನೂ ಓಡ್ತಿರುವಾಗ. ಊಟ. ಊಟ ಆದ ಮೇಲೆ ಆ ದಿನದ ಬಯಾಲಜಿ ಒಂದು ಗಂಟೆ, ಉಳಿದಿದ್ದು ಕೆಮಿಸ್ಟ್ರಿ. ಬೆಳಗ್ಗೆ ಏಳೋರಾದ್ರೆ ಉಲ್ಟಾ ಮಾಡ್ಕೊಳ್ಳಿ, ಆದ್ರೆ ಹಳೇದು ಮೊದಲು ಅನ್ನೋದನ್ನ ಮಾತ್ರ ಬದಲಾಯಿಸ್ಬೇಡಿ.

ಭಾನುವಾರ ಮಧ್ಯಾಹ್ನದ ತನಕ ಮಾತ್ರ ಏನಾದ್ರೂ ಫಿಕ್ಸ್ ಮಾಡಿ, ಮಧ್ಯಾಹ್ನದ ಮೇಲೆ ಖಾಲಿ ಬಿಡಿ, ವಾರದಲ್ಲಿ ಬಿದ್ದುಹೋಗಿದ್ದನ್ನ ಎತ್ಕೊಳ್ಳೋಕೆ. ಅದೇ ತರ ನಾಲ್ಕು ವಾರಕ್ಕೊಂದ್ಸಲ ಒಂದು ವಾರ ಮನೇಲಿ ಹೊಸ ಪಾಠಾನೇ ಮುಟ್ಟಬೇಡಿ. ಜ್ವರ ಬರತ್ತೆ, ಅಕ್ಕನ ಎಂಗೇಜ್‌ಮೆಂಟ್ ಬರತ್ತೆ, ಗಣೇಶನ ಹಬ್ಬಕ್ಕೆ ಅಜ್ಜಿ ಮನೆಗೆ ಹೋಗ್ತೀವಿ, ಇದೆಲ್ಲ ಬಂದೇ ಬರತ್ತೆ ಅಂತ ಗೊತ್ತಿದ್ದೂ ಬರಲ್ಲ ಅನ್ನೋ ತರ ಪ್ಲಾನ್ ಮಾಡೋದ್ರಿಂದಾನೇ ಎಲ್ಲಾ ಪ್ಲಾನೂ ಮೂರನೇ ವಾರಕ್ಕೆ ಸಾಯೋದು.

ವಾಪಸ್ ಬರೋದು ಅಂದ್ರೆ ಮತ್ತೆ ಓದೋದಲ್ಲ

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನನ್ನ ಮೊದಲ ಎರಡು ವರ್ಷ ಹಾಳಾಗಿದ್ದೇ ಇಲ್ಲಿ. ಪಾಠ ಮತ್ತೆ ಓದಿದ್ರೆ ಎಲ್ಲಾ ಗೊತ್ತಿರೋ ತರಾನೇ ಅನ್ಸತ್ತೆ, ಕಣ್ಣಿಗೆ ಪರಿಚಯ ಇರತ್ತೆ ಅಷ್ಟೆ. ಬ್ರೀದಿಂಗ್ ಆ್ಯಂಡ್ ಎಕ್ಸ್‌ಚೇಂಜ್ ಆಫ್ ಗ್ಯಾಸಸ್ ಪಾಠ ತಗೊಳ್ಳಿ. ಒಂದು ವಾರದ ತಾರೀಖು ಬಂತು. ಪುಸ್ತಕ ತೆಗೀಬೇಡಿ. ಖಾಲಿ ಹಾಳೆ ತಗೊಂಡು ಐದು ಜಾಗದ ಹೆಸರು ಬರೀರಿ: ಹೊರಗಿನ ಗಾಳಿ, ಆಲ್ವಿಯೋಲೈ, ಡಿಆಕ್ಸಿಜನೇಟೆಡ್ ಬ್ಲಡ್, ಆಕ್ಸಿಜನೇಟೆಡ್ ಬ್ಲಡ್, ಟಿಶ್ಯೂ. ಪಕ್ಕದಲ್ಲಿ ಆಕ್ಸಿಜನ್ ಪಾರ್ಶಿಯಲ್ ಪ್ರೆಶರ್ ನೆನಪಿಂದ ತುಂಬ್ಸಿ. 159, 104, 40, 95, 40 ಬರ್ಬೇಕು. ಕಾರ್ಬನ್ ಡೈ ಆಕ್ಸೈಡಿಗೆ 0.3, 40, 45, 40, 45. ಆಮೇಲೆ ಟೈಡಲ್ ವಾಲ್ಯೂಮ್ 500, ಇನ್‌ಸ್ಪಿರೇಟರಿ ರಿಸರ್ವ್ 2500ರಿಂದ 3000, ಎಕ್ಸ್‌ಪಿರೇಟರಿ ರಿಸರ್ವ್ 1000ದಿಂದ 1100, ರೆಸಿಡ್ಯುಯಲ್ 1100ರಿಂದ 1200, ಎಲ್ಲ ಮಿಲಿಲೀಟರಲ್ಲಿ. ವೈಟಲ್ ಕೆಪಾಸಿಟಿಗೆ ಇದರಲ್ಲಿ ಯಾವ್ಯಾವುದು ಸೇರ್ಬೇಕು? ರೆಸಿಡ್ಯುಯಲ್ ಸೇರಲ್ಲ, ಮಿಕ್ಕ ಮೂರೂ ಸೇರತ್ತೆ. ಎಲ್ಲಿ ಕೈ ನಿಂತ್ಕೊಂಡಿತೋ ಅಲ್ಲಿ ಕೆಂಪು ಗುರುತು ಹಾಕಿ, ಈಗ ಪುಸ್ತಕ ತೆಗೆದು ಆ ಪ್ಯಾರಾ ಮಾತ್ರ ಓದಿ. ಇಪ್ಪತ್ತು ನಿಮಿಷದಲ್ಲಿ ಮುಗಿಯತ್ತೆ, ಪೂರ್ತಿ ಪಾಠ ಮತ್ತೆ ಓದೋಕೆ ಒಂದೂವರೆ ಗಂಟೆ ಬೇಕು.

ಬಯಾಲಜಿ ಪೂರ್ತಿ ಹೀಗೇನೇ. ಎನ್‌ಸಿಇಆರ್‌ಟಿ ಸಾಲು ಸಾಲೂ ಮುಖ್ಯ, ಚಿತ್ರದ ಕೆಳಗಿನ ಬರಹ, ಟೇಬಲ್ಲು, ಕೊನೇಲಿರೋ ಸಮರಿ, ಯಾವುದನ್ನೂ ಬಿಡೋ ಹಾಗಿಲ್ಲ. ದಪ್ಪ ದಪ್ಪ ಗೈಡ್ ಮೂರು ತಗೊಳ್ಳೋ ದುಡ್ಡಲ್ಲಿ ಒಂದು ಒಳ್ಳೇ ಎಂಸಿಕ್ಯೂ ಬುಕ್ ತಗೊಂಡ್ರೆ ಸಾಕು.

ಫಿಸಿಕ್ಸ್ ಬೇರೆ ತರ. 2024ರಲ್ಲಿ 720ಕ್ಕೆ 720 ತೆಗೆದೋರೇ ಗುಂಪಾಗಿದ್ರು, 2025ರಲ್ಲಿ ದೇಶಕ್ಕೇ ಟಾಪರ್ ಆದವರ ಮಾರ್ಕ್ಸ್ 686. ಆ ವರ್ಷ ಹಾಲಿಂದ ಹೊರಗೆ ಬಂದೋರೆಲ್ಲ ತಲೆ ಮೇಲೆ ಕೈ ಹೊತ್ತಿದ್ದು ಫಿಸಿಕ್ಸಿಗೇ. ಫಾರ್ಮುಲಾ ಬಾಯಿಪಾಠ ಮಾಡಿದೋರು ಅಲ್ಲಿ ಸಿಕ್ಕಿಹಾಕ್ಕೋತಾರೆ. ಇದನ್ನ ದಿನಾ ಮುಟ್ಟಬೇಕು, ವಾರಕ್ಕೆ ಒಂದಿನ ಆರು ಗಂಟೆ ಕೂರೋದಕ್ಕಿಂತ ದಿನಾ ಒಂದು ಗಂಟೆ 20 ಪ್ರಾಬ್ಲಂ ಮಾಡೋದು ಎಷ್ಟೋ ಮೇಲು. ಕ್ಯಾಲ್ಕುಲೇಟರ್ ಮುಟ್ಟಬೇಡಿ, ಹಾಲಲ್ಲಿ ಅದಿಲ್ಲ. ಸಾಲ್ವ್ ಆಗದೇ ಇದ್ರೆ ಐದು ನಿಮಿಷ ಒದ್ದಾಡಿ, ಆಮೇಲೆ ಸೊಲ್ಯೂಷನ್ ನೋಡಿ, ಮಾರನೇ ದಿನ ಅದೇ ಪ್ರಾಬ್ಲಂನ ನೋಡ್ದೇ ಮಾಡಿ. ನಾನು ಸೊಲ್ಯೂಷನ್ ಓದಿ "ಓ ಅಷ್ಟೇನಾ" ಅಂತ ತಲೆ ಆಡಿಸಿ ಮುಂದೆ ಹೋಗ್ತಿದ್ದೆ, ಮೊದಲನೇ ನೀಟಲ್ಲಿ ಫಿಸಿಕ್ಸ್ ನನ್ನ ಕೈ ಕಚ್ಚಿದ್ದು ಅದಕ್ಕೇ.

ಕೆಮಿಸ್ಟ್ರಿ ಬಗ್ಗೆ ಹೆಚ್ಚು ಹೇಳಲ್ಲ: ಫಿಸಿಕಲ್ ಅನ್ನ ಫಿಸಿಕ್ಸ್ ತರ ಮಾಡಿ, ಇನಾರ್ಗ್ಯಾನಿಕ್ ಅನ್ನ ಬಯಾಲಜಿ ತರ ಮಾಡಿ, ಆರ್ಗ್ಯಾನಿಕ್‌ಗೆ ರಿಯಾಕ್ಷನ್ನೆಲ್ಲ ಒಂದೇ ಹಾಳೇಲಿ ಬಾಣ ಹಾಕಿ ಬರೆದು ಬಾತ್‌ರೂಂ ಬಾಗಿಲಿಗೆ ಅಂಟಿಸಿ.

ಕನ್ನಡ ಮೀಡಿಯಂನಿಂದ ಬಂದಿದ್ರೆ

ಎಸ್ಸೆಸ್ಸೆಲ್ಸಿ ತನಕ ಕನ್ನಡದಲ್ಲಿ ಓದಿ ಪಿಯುಸೀಲಿ ಇಂಗ್ಲಿಷ್ ಮೀಡಿಯಂ ಕ್ಲಾಸಲ್ಲಿ ಕೂತೋರಿಗೆ ಮೊದಲ ಎರಡು ತಿಂಗಳು ನರಕ, ನನ್ನ ರೂಂಮೇಟ್ ಹಂಗೇ ಬಂದಿದ್ದ. ಅವನು ಮಾಡಿದ್ದು ಏನಂದ್ರೆ ಒಂದು ಸಣ್ಣ ಪಾಕೆಟ್ ಬುಕ್ ಇಟ್ಕೊಂಡು ಎಡಗಡೆ ದ್ಯುತಿಸಂಶ್ಲೇಷಣೆ ಬಲಗಡೆ ಫೋಟೋಸಿಂಥೆಸಿಸ್, ಎಡಗಡೆ ವೇಗೋತ್ಕರ್ಷ ಬಲಗಡೆ ಆಕ್ಸಲರೇಶನ್, ಹಿಂಗೆ ದಿನಕ್ಕೆ ಹದಿನೈದು ಪದ. ವಿಷಯ ಅವನಿಗೆ ನಮಗಿಂತ ಚೆನ್ನಾಗೇ ಗೊತ್ತಿತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ. ನೀವೂ ಫಸ್ಟ್ ಪಿಯು ಮೊದಲ ಎರಡು ತಿಂಗಳ ಪ್ಲಾನಲ್ಲಿ ಇದಕ್ಕೆ ದಿನಾ ಅರ್ಧ ಗಂಟೆ ಇಡಿ, ಆ ಅವಧೀಲಿ ಪಾಠ ಸ್ವಲ್ಪ ಹಿಂದೆ ಬಿದ್ರೆ ಬೀಳ್ಲಿ. ನೀಟ್ ಪೇಪರನ್ನ ಕನ್ನಡದಲ್ಲೂ ತಗೋಬಹುದು, ಜೊತೇಲಿ ಇಂಗ್ಲಿಷೂ ಇರತ್ತೆ, ಅನುವಾದದಲ್ಲಿ ಗೊಂದಲ ಆದ್ರೆ ಇಂಗ್ಲಿಷ್ ಪ್ರಶ್ನೇನೇ ಫೈನಲ್. ಆದ್ರೆ ಎರಡು ವರ್ಷ ಇಂಗ್ಲಿಷಲ್ಲಿ ಎಂಸಿಕ್ಯೂ ಮಾಡಿ ಹಾಲಲ್ಲಿ ಮೊದಲ ಸಲ ಕನ್ನಡ ಪ್ರಶ್ನೆ ನೋಡಿದ್ರೆ ಗಲಿಬಿಲಿ ಆಗತ್ತೆ, ಅದಕ್ಕೇ ಮೀಡಿಯಂ ಯಾವುದು ಅಂತ ಅಪ್ಲಿಕೇಶನ್ ತುಂಬೋ ದಿನ ಅಲ್ಲ, ಮಾಕ್ ಟೆಸ್ಟ್ ಶುರು ಮಾಡೋ ದಿನಾನೇ ಡಿಸೈಡ್ ಮಾಡಿ.

ಬೋರ್ಡು, ಸಿಇಟಿ, ನೀಟು, ಮೂರೂ ಒಟ್ಟಿಗೆ

ನಮ್ಮಲ್ಲಿ ಮಾರ್ಚಲ್ಲಿ ಸೆಕೆಂಡ್ ಪಿಯು ಬೋರ್ಡ್ ಎಕ್ಸಾಮ್, ಏಪ್ರಿಲಲ್ಲಿ ನಮ್ಮ ರಾಜ್ಯದ ಎಂಟ್ರೆನ್ಸ್ ಕೆಸಿಇಟಿ, ಮೇ ಮೊದಲ ವಾರದ ಹೊತ್ತಿಗೆ ನೀಟ್. ಮೆಡಿಕಲ್‌ಗೆ ಬೋರ್ಡ್ ಮಾರ್ಕ್ಸ್ ರ‍್ಯಾಂಕಿಗೆ ಸೇರಲ್ಲ, ಜನರಲ್‌ನೋರಿಗೆ ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಸೇರಿ 50 ಪರ್ಸೆಂಟ್, ಎಸ್‌ಸಿ ಎಸ್‌ಟಿ ಒಬಿಸಿಗೆ 40 ಬೇಕು ಅಷ್ಟೆ. ಹಂಗಂತ ಬೋರ್ಡ್ ಪೂರ್ತಿ ಬಿಟ್ರೆ ಕೈಯಲ್ಲಿ ಬೇರೆ ದಾರೀನೇ ಇರಲ್ಲ. ನನ್ನ ಸಲಹೆ ಏನಂದ್ರೆ ಜನವರಿ ಕೊನೇ ತನಕ ನೀಟ್ ಹಾಳೆ ನಡೀಲಿ, ಫೆಬ್ರವರೀಲಿ ಡೆರಿವೇಶನ್, ಐದು ಮಾರ್ಕಿನ ಉತ್ತರ ಬರೆಯೋದು, ಕನ್ನಡ ಇಂಗ್ಲಿಷ್ ಪೇಪರು ಇದಕ್ಕೆಲ್ಲ ಪೂರ್ತಿ ಟೈಮ್ ಕೊಡಿ, ಆದ್ರೆ ಆ 40 ನಿಮಿಷದ ಹಳೇದು ಮಾತ್ರ ನಿಲ್ಲಿಸ್ಬೇಡಿ, ಆಗ ಅದರಲ್ಲಿ ಫಸ್ಟ್ ಪಿಯು ಪಾಠ ಮಾತ್ರ ಹಾಕಿ, ಸೆಕೆಂಡ್ ಪಿಯು ಹೇಗಿದ್ರೂ ಬೋರ್ಡಿಗೆ ಓದ್ತಿರ್ತೀರಿ. ಕೆಸಿಇಟಿಗೆ ಬೇರೆ ತಯಾರಿ ಬೇಕಿಲ್ಲ, ಒಂದೊಂದು ಸಬ್ಜೆಕ್ಟಿಗೆ 80 ನಿಮಿಷದಲ್ಲಿ 60 ಪ್ರಶ್ನೆ, ನೆಗೆಟಿವ್ ಇಲ್ಲ, ಅದಕ್ಕೆ ಒಂದನ್ನೂ ಖಾಲಿ ಬಿಡಬೇಡಿ. ಬಿಎಸ್ಸಿ ಅಗ್ರಿ, ಬಿ ಫಾರ್ಮಾ ಬಾಗಿಲು ತೆಗೆದಿರತ್ತೆ, ಮನೇಲಿ ಅಪ್ಪನಿಗೂ ಸ್ವಲ್ಪ ನಿದ್ದೆ ಬರತ್ತೆ.

ಮಾಕ್ ಟೆಸ್ಟು ಮತ್ತೆ ತಪ್ಪಿನ ಬುಕ್ಕು

ಸೆಕೆಂಡ್ ಪಿಯು ದಸರಾ ರಜದಿಂದ ಎರಡು ವಾರಕ್ಕೊಂದು ಪೂರ್ತಿ ಪೇಪರ್, ಬೋರ್ಡ್ ಮುಗಿದ ಮೇಲೆ ವಾರಕ್ಕೆ ಎರಡು. ದಿನಾ ಒಂದು ಬರೆಯೋರೂ ಇದಾರೆ, ನನಗೆ ಅದು ಸರಿ ಕಾಣಲ್ಲ, ಬರೆಯೋಕೆ ಮೂರು ಗಂಟೆ ಬೇಕಾದ್ರೆ ತಪ್ಪು ನೋಡೋಕೆ ಇನ್ನೂ ಮೂರು ಗಂಟೆ ಬೇಕು. ತಪ್ಪಿನ ಬುಕ್ಕಲ್ಲಿ ಪ್ರಶ್ನೆ ಪೂರ್ತಿ ಕಾಪಿ ಮಾಡ್ಬೇಡಿ, ಯಾಕೆ ತಪ್ಪಾಯ್ತು ಅಂತ ಒಂದು ಸಾಲು. ನನ್ನ ಬುಕ್ಕಿಂದ ಮೂರು ಸಾಲು ಹೀಗಿತ್ತು: "ಕಾನ್ಕೇವ್ ಲೆನ್ಸು, ಫೋಕಲ್ ಲೆಂತ್‌ಗೆ ಮೈನಸ್ ಹಾಕಲಿಲ್ಲ, ಮತ್ತೆ." "ಸೆಂಟಿಮೀಟರ್ ಮೀಟರ್ ಮಾಡ್ಲಿಲ್ಲ." "ಇನ್‌ಕರೆಕ್ಟ್ ಯಾವುದು ಅಂತ ಕೇಳಿದಾರೆ, ಕರೆಕ್ಟ್ ಹುಡುಕಿದೆ." ಎರಡು ತಿಂಗಳು ಆದ ಮೇಲೆ ಎಣಿಸಿದ್ರೆ ಗೊತ್ತಿಲ್ಲದೇ ತಪ್ಪಾಗಿದ್ದಕ್ಕಿಂತ ಗೊತ್ತಿದ್ದೂ ತಪ್ಪಾಗಿದ್ದೇ ಜಾಸ್ತಿ ಇತ್ತು. ಅಂದ್ರೆ ನನಗೆ ಬೇಕಾಗಿದ್ದು ಇನ್ನೊಂದು ಪುಸ್ತಕ ಅಲ್ಲ, ಪ್ರಶ್ನೇಲಿ ಇನ್‌ಕರೆಕ್ಟ್ ಅನ್ನೋ ಪದದ ಕೆಳಗೆ ಗೆರೆ ಎಳೆಯೋ ಅಭ್ಯಾಸ.

ಗೆಸ್ ಮಾಡೋ ವಿಷಯ ಎಲ್ರೂ ಕೇಳ್ತಾರೆ. ಲೆಕ್ಕ ನೋಡಿ: ಏನೂ ಗೊತ್ತಿಲ್ಲದೆ ನಾಲ್ಕರಲ್ಲಿ ಒಂದು ಒತ್ತಿದ್ರೆ ಸರಾಸರಿ ಕಾಲು ಮಾರ್ಕ್ ಲಾಭ, ಇದ್ದೂ ಇಲ್ಲದ ಹಾಗೆ, ಅದೃಷ್ಟ ಕೆಟ್ಟರೆ ಹತ್ತು ಪ್ರಶ್ನೇಲಿ ಹತ್ತು ಮಾರ್ಕ್ ಹೋಗತ್ತೆ. ಎರಡು ಆಪ್ಷನ್ ಖಂಡಿತ ಅಲ್ಲ ಅಂತ ಗೊತ್ತಿದ್ರೆ ಸರಾಸರಿ ಒಂದೂವರೆ ಮಾರ್ಕ್ ಬರತ್ತೆ, ಆಗ ಬಿಡಬೇಡಿ.

ಇನ್ನು ಕೊನೇ ಐದಾರು ವಾರ. ನೀಟ್ ನಡೆಯೋದು ಮಧ್ಯಾಹ್ನ 2ರಿಂದ 5. ಎರಡು ವರ್ಷ ಊಟ ಮಾಡಿ ಆ ಹೊತ್ತಿಗೆ ಒಂದು ನಿದ್ದೆ ತೆಗೆದಿರೋ ದೇಹಕ್ಕೆ ಅವತ್ತೊಂದಿನ ಎದ್ದಿರು ಅಂದ್ರೆ ಕೇಳಲ್ಲ, ಅದೂ ಮೇ ತಿಂಗಳ ಸೆಖೇಲಿ. ಏಪ್ರಿಲ್ ಶುರುವಿಂದ ಮಾಕ್ ಎಲ್ಲ 2 ಗಂಟೆಗೇ ಬರೀರಿ, ಹನ್ನೊಂದೂವರೆಗೆ ಹಗುರಾಗಿ ಊಟ, ಫ್ಯಾನ್ ಇಲ್ಲದ ರೂಮಲ್ಲಿ ಒಂದೆರಡು ಸಲನಾದ್ರೂ ಕೂತು ನೋಡಿ. ಹೊಸ ಪಾಠ ಯಾವುದೂ ಬೇಡ, ಹಾಳೆಯ ಕೊನೇ ಕಾಲಂ ನೋಡಿ ಜಾಸ್ತಿ ತಪ್ಪಿರೋ ಹದಿನೈದು ಪಾಠ ಆರಿಸಿ ಅದನ್ನೇ ಅರೆಯಿರಿ. ಮದುವೆ ಸೀಸನ್ ಬೇರೆ, ಚಿಕ್ಕಮ್ಮ ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಲಿ, ಫಲಿತಾಂಶ ಬಂದ ಮೇಲೆ ಹೋಗಿ ಸಮಾಧಾನ ಮಾಡಿದ್ರಾಯ್ತು.

ಪೇಪರಲ್ಲಿ ಯಾವುದು ಮೊದಲು ಅನ್ನೋದು ಮಾಕಲ್ಲೇ ಗಟ್ಟಿ ಆಗಿರ್ಲಿ. ನನ್ನದು ಬಯಾಲಜಿ 50 ನಿಮಿಷ, ಕೆಮಿಸ್ಟ್ರಿ 50, ಫಿಸಿಕ್ಸಿಗೆ ಮಿಕ್ಕಿದ್ದೆಲ್ಲ. ಈಗಿನ 180 ನಿಮಿಷದಲ್ಲಾದ್ರೆ ಫಿಸಿಕ್ಸಿಗೆ 65 ಇಟ್ಟು 15 ನಿಮಿಷ ಕೈಯಲ್ಲಿ ಉಳಿಸ್ಕೋತಿದ್ದೆ. ಓಎಂಆರ್‌ನೂ (ಉತ್ತರದ ಗುಂಡು ತುಂಬೋ ಹಾಳೆ) ಮನೇಲೇ ಪ್ರಿಂಟ್ ತೆಗೆದು ಪ್ರತೀ ಮಾಕಲ್ಲಿ ಬಾಲ್ ಪೆನ್ನಲ್ಲೇ ತುಂಬಿ, ಪೆನ್ಸಿಲ್ ಬೇಡ, ಯಾಕಂದ್ರೆ ಅಲ್ಲಿ ಅಳಿಸೋ ಹಾಗಿಲ್ಲ. ಒಂದು ಮಾಕಲ್ಲಿ ನಾನು 37ನೇ ಪ್ರಶ್ನೆ ಆಮೇಲೆ ಮಾಡೋಣ ಅಂತ ಬಿಟ್ಟು, ಓಎಂಆರಲ್ಲಿ 38ರ ಉತ್ತರನ 37ರಲ್ಲಿ ತುಂಬಿ, ಅಲ್ಲಿಂದ 61ರ ತನಕ ಹಂಗೇ ಒಂದೊಂದು ಸಾಲು ಮೇಲಕ್ಕೆ ತುಂಬ್ಕೊಂಡು ಹೋಗಿದ್ದೆ. ಮನೇಲಾಗಿದ್ದಕ್ಕೆ ಬಚಾವ್. ಅವತ್ತಿಂದ ಬುಕ್‌ಲೆಟ್ಟಲ್ಲಿ ಒಂದು ಪುಟ ಮುಗಿದ ತಕ್ಷಣ ಆ ಪುಟದ್ದು ತುಂಬೋದು, ತುಂಬುವಾಗ ಪ್ರಶ್ನೆ ನಂಬರನ್ನ ತುಟಿ ಅಲ್ಲಾಡಿಸಿ ಹೇಳ್ಕೊಳ್ಳೋದು ಅಭ್ಯಾಸ ಮಾಡ್ಕೊಂಡೆ, ಎಕ್ಸಾಮ್ ದಿನ ಪಕ್ಕದ ಸಾಲಿನ ಹುಡುಗಿ ಎರಡು ಸಲ ತಿರುಗಿ ನೋಡಿದ್ಲು.